ಕುಲಪತಿ ಯಾರೆಂದು ಕೇಳುವ ನಾವು ಕುಲಸಚಿವರನ್ನು ಯಾಕೆ ಕೇಳುವುದಿಲ್ಲ?

ಕೊಣಾಜೆಗೆ ಹೊಸ ಕುಲಪತಿ ಬಂದರೆ ನಮ್ಮವರ ಬಾಯಲ್ಲಿ ಒಂದೇ ಪ್ರಶ್ನೆ. ಜುಮಾ ಮುಗಿಸಿ ಮಸೀದಿ ಮೆಟ್ಟಿಲು ಇಳಿಯುವಾಗ, ಅಸೈಗೋಳಿಯ ಹೋಟೆಲಿನಲ್ಲಿ ಚಹಾ ಕುಡಿಯುವಾಗ, ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಎಲ್ಲ ಕಡೆ ಅದೇ: "ಯಾರಂತೆ? ಯಾವ ಜಾತಿ? ಯಾವ ಪಕ್ಷದವರಿಗೆ ಹತ್ತಿರ?" ಉತ್ತರ ಸಿಕ್ಕಿದ ಮೇಲೆ ಮಾತು ಮುಗಿಯಿತು. ಮುಂದಿನ ನಾಲ್ಕು ವರ್ಷ ಆ ವಿಶ್ವವಿದ್ಯಾನಿಲಯದ ಒಳಗೆ ಎಂತ ಆಗ್ತದೆ ಎಂದು ಕೇಳುವವರಿಲ್ಲ. ಆದರೆ ನಮ್ಮ ಹುಡುಗಿಯರು ದಿನಾ ಬೆಳಿಗ್ಗೆ ಮುಡಿಪು, ನಾಟೆಕಲ್, ತೊಕ್ಕೊಟ್ಟಿನಿಂದ ಬಸ್ ಹತ್ತಿ ಹೋಗುವುದು ಅದೇ ವಿವಿಯ ಅಧೀನದ ತರಗತಿಗಳಿಗೆ.

ನಾವು ಮದ್ರಸದಲ್ಲಿ ಕಲಿಸುವವರು. ವಿವಿಯ ಆಡಳಿತದ ಬಗ್ಗೆ ಬರೆಯಲು ಇವರಿಗೆ ಎಂತ ಅಧಿಕಾರ ಎಂದು ಯಾರಾದರೂ ಕೇಳಬಹುದು. ಅಧಿಕಾರ ಇಲ್ಲ, ಸರಿ. ಆದರೆ ಬೆಳಿಗ್ಗೆ ನಮ್ಮ ಮುಂದೆ ಕಿತಾಬು ಬಿಡಿಸಿ ಕೂತ ಮಕ್ಕಳೇ ಹತ್ತು ವರ್ಷದ ನಂತರ ಅಂಕಪಟ್ಟಿ ಹಿಡಿದುಕೊಂಡು "ಉಸ್ತಾದ್, ಇದನ್ನು ಯಾರ ಹತ್ತಿರ ತೋರಿಸಬೇಕು" ಎಂದು ಬರುತ್ತಾರೆ. ಡಿಗ್ರಿ ಓದದ ಉಮ್ಮ, ಗಲ್ಫಿನಲ್ಲಿರುವ ಬಾಪ, ಹೀಗಿರುವ ಮನೆಯಲ್ಲಿ ಇಂಥ ಪ್ರಶ್ನೆ ಬಂದು ನಿಲ್ಲುವುದು ಉಸ್ತಾದರ ಬಾಗಿಲಿನಲ್ಲೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1980ರಲ್ಲಿ. ಅದಕ್ಕೆ ಮೊದಲು, 1968ರಿಂದ, ಅದು ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರ. ನಮ್ಮ ಹಿರಿಯರಲ್ಲಿ ಡಿಗ್ರಿ ಮಾಡಿದ ಕೆಲವೇ ಮಂದಿಯ ಸರ್ಟಿಫಿಕೇಟ್ ತೆಗೆದು ನೋಡಿ, ಮೈಸೂರು ವಿವಿಯ ಮುದ್ರೆ ಇರುತ್ತದೆ. ಒಂದು ಅಂಕಪಟ್ಟಿ ಸರಿಮಾಡಿಸಲು ಘಟ್ಟ ಹತ್ತಿ ಮೈಸೂರಿಗೆ ಹೋಗಬೇಕಾಗಿದ್ದ ಕಾಲ ಅದು. ಹೆಣ್ಣುಮಕ್ಕಳ ಮಾತಂತೂ ಬಿಡಿ.

ಈ ಹೊಸ ವಿವಿಯ ಮೊದಲ ಕುಲಪತಿ ಪ್ರೊ. ಬಿ. ಶೇಖ್ ಅಲಿ. ಇತಿಹಾಸಕಾರರು. ಹೈದರಲಿ, ಟಿಪ್ಪು ಸುಲ್ತಾನರ ಕಾಲದ ಬಗ್ಗೆ ಅವರು ಮಾಡಿದ ಕೆಲಸ ದೊಡ್ಡದು. ಇಲ್ಲಿ ಐದು ವರ್ಷ ಕಟ್ಟಿದ ಮೇಲೆ 1985ರಲ್ಲಿ ಗೋವಾ ವಿವಿ ಹುಟ್ಟಿದಾಗ ಅಲ್ಲಿಗೂ ಮೊದಲ ಕುಲಪತಿಯಾಗಿ ಕರೆದದ್ದು ಅವರನ್ನೇ. 2022ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಅವರ ನಂತರ ಕೊಣಾಜೆಗೆ ಬಂದವರು ಸಸ್ಯಶಾಸ್ತ್ರಜ್ಞ ಪ್ರೊ. ಕೆ.ಎಂ. ಸಫೀಉಲ್ಲಾ. ಅಂದರೆ ಮೊದಲ ಇಬ್ಬರು ಕುಲಪತಿಗಳೂ ಮುಸ್ಲಿಮರು. ಇದನ್ನು ನಮ್ಮ ಸನ್ಮಾನ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಹೇಳಲಿ. ಆದರೆ ಒಂದು ಮಾತನ್ನು ಜೊತೆಗೆ ಹೇಳುವುದಿಲ್ಲ: ಆ ಹತ್ತು ವರ್ಷಗಳಲ್ಲಿ ಬ್ಯಾರಿ ಮನೆಗಳಿಂದ ಕೊಣಾಜೆಯ ಗುಡ್ಡ ಹತ್ತಿದ ಮಕ್ಕಳು ಬಹಳ ಕಡಿಮೆ. ಕುರ್ಚಿಯಲ್ಲಿ ನಮ್ಮವರು ಇದ್ದರು, ಬೆಂಚಿನಲ್ಲಿ ಇರಲಿಲ್ಲ. ಈಗ ಬೆಂಚಿನಲ್ಲಿ ನಮ್ಮವರು ಇದ್ದಾರೆ, ಅದರಲ್ಲೂ ಹೆಣ್ಣುಮಕ್ಕಳು. ಹಾಗಿರುವಾಗ ಕುರ್ಚಿ ಯಾರದ್ದು ಎಂದು ಕೇಳುವುದಕ್ಕಿಂತ ಕುರ್ಚಿ ಕೆಲಸ ಮಾಡುತ್ತಾ ಉಂಟಾ ಎಂದು ಕೇಳುವುದು ನಮಗೆ ಲಾಭ.

ವಿವಿ ಎಂದರೆ ಬೆಳೆಯುತ್ತಾ ಹೋಗುವುದು ಎಂದು ನಾವು ತಿಳಿದಿದ್ದೇವೆ. ಕೊಣಾಜೆಯ ಕಥೆ ಹಾಗಿಲ್ಲ. ಅದು ಬೆಳೆದದ್ದೂ ಹೌದು, ತುಂಡಾದದ್ದೂ ಹೌದು. ಶುರುವಿನಲ್ಲಿ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು, ಮಣಿಪಾಲದ ಮೆಡಿಕಲ್ ಕಾಲೇಜು ಎಲ್ಲ ಇದರ ಕೆಳಗೇ ಇದ್ದವು. 1993ರಲ್ಲಿ ಮಣಿಪಾಲ ಡೀಮ್ಡ್ ವಿವಿ ಆಯಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿವಿ ಬಂತು, ಮೆಡಿಕಲ್, ನರ್ಸಿಂಗ್ ಹೋಯಿತು. 1998ರಲ್ಲಿ ವಿಟಿಯು ಬಂತು, ಇಂಜಿನಿಯರಿಂಗ್ ಹೋಯಿತು. ಆಮೇಲೆ ಕಾನೂನು ವಿವಿ ಬಂದು ಲಾ ಕಾಲೇಜುಗಳೂ ಹೋದವು. 2008ರಲ್ಲಿ ಯೆನೆಪೊಯ, ನಿಟ್ಟೆ ಡೀಮ್ಡ್ ಆದವು. 2023ರಲ್ಲಿ ಕೊಡಗು ವಿವಿ ಬೇರೆಯಾಯಿತು, ಚಿಕ್ಕ ಅಳುವಾರದ ಕೇಂದ್ರವೂ ಆ ಕಡೆಗೆ ಹೋಯಿತು. 2024ರಲ್ಲಿ ಸಂತ ಅಲೋಶಿಯಸ್ ಡೀಮ್ಡ್ ವಿವಿ ಆಯಿತು. ಹೀಗೆ ಒಂದೊಂದೇ ಕೊಂಬೆ ಹೋಗುವಾಗ ಅದರೊಟ್ಟಿಗೆ ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕವೂ ಹೋಗುತ್ತದೆ. ಖರ್ಚು ಹೋಗುವುದಿಲ್ಲ. ಕಟ್ಟಡ, ನಿವೃತ್ತರ ಪಿಂಚಣಿ, ಅತಿಥಿ ಉಪನ್ಯಾಸಕರ ಸಂಬಳ ಇಲ್ಲೇ ಉಳಿಯುತ್ತದೆ. ವಿವಿಯ ಹಣದ ಮುಗ್ಗಟ್ಟಿನ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದನ್ನು ನಾವೆಲ್ಲ ಓದಿದ್ದೇವೆ.

ಇದರಲ್ಲಿ ನಮಗೆಂತ ಎಂದು ಕೇಳಬೇಡಿ. ಹೋದದ್ದು ಹೆಚ್ಚು ಫೀಸಿನ ಕೋರ್ಸುಗಳು. ಉಳಿದದ್ದು ಬಿಎ, ಬಿಕಾಂ, ಬಿಎಸ್ಸಿ, ಎಂಎ, ಎಂಕಾಂ. ಬೀಡಿ ಕಟ್ಟಿ ಮಗಳನ್ನು ಓದಿಸುವ ಉಮ್ಮನಿಗೆ, ಗೂಡಂಗಡಿಯ ಕಾಕನಿಗೆ, ಮೀನು ಮಾರುವವನಿಗೆ ಇವೇ ಬೇಕಾದದ್ದು. ಡೀಮ್ಡ್ ವಿವಿಗಳ ಬಗ್ಗೆ ನಮಗೆ ದೂರಿಲ್ಲ. ನಮ್ಮ ಸಮುದಾಯದವರೇ ಕಟ್ಟಿದ ಯೆನೆಪೊಯದಲ್ಲಿ ನಮ್ಮ ಎಷ್ಟೋ ಮಕ್ಕಳು ಡಾಕ್ಟರಾಗಿದ್ದಾರೆ, ಅಲ್ಹಮ್ದುಲಿಲ್ಲಾಹ್. ಆದರೆ ಎಲ್ಲರ ಕಿಸೆ ಅಲ್ಲಿಗೆ ಎಟುಕುವುದಿಲ್ಲ. ಸರಕಾರಿ ವಿವಿ ಸೊರಗಿದರೆ ಪೆಟ್ಟು ಬೀಳುವುದು ಮೊದಲು ನಮ್ಮ ಇಂಥ ಮನೆಗಳಿಗೆ.

ಕೊಡಗಿನ ವಿಷಯವನ್ನೇ ನೋಡಿ. ವಿರಾಜಪೇಟೆ, ಮಡಿಕೇರಿ, ಕುಶಾಲನಗರ ಕಡೆಯ ನಮ್ಮ ಬಂಧುಗಳಿಗೆ ತಮ್ಮದೇ ವಿವಿ ಬಂತು ಎಂದು ಖುಷಿಯಾಯಿತು. ಏಳು ಹೊಸ ವಿವಿಗಳನ್ನು ಸರಕಾರ ಒಟ್ಟಿಗೆ ಮಾಡಿತು. ಆದರೆ ವಿವಿ ಎಂದರೆ ಬೋರ್ಡ್ ಅಲ್ಲವಲ್ಲ. 2025ರ ಆರಂಭದಲ್ಲಿ ಸರಕಾರದ ಸಂಪುಟ ಉಪಸಮಿತಿಯ ಮಟ್ಟದಲ್ಲೇ ಹೊಸ ವಿವಿಗಳಲ್ಲಿ ಹಲವನ್ನು ಮುಚ್ಚುವ ಮಾತು ಎದ್ದಿತು, ಕೊಡಗೂ ಆ ಪಟ್ಟಿಯಲ್ಲಿತ್ತು. ಎರಡು ವರ್ಷ ತುಂಬುವ ಮೊದಲೇ! ಓದುತ್ತಿರುವ ಮಗುವಿನ ತಾಯಿಗೆ ಹೇಗಾಗಿರಬೇಕು? ಮಸೀದಿ ಕಟ್ಟುವಾಗ ನಮ್ಮ ಹಿರಿಯರು ಮೊದಲು ಬಾವಿ ತೋಡಿಸುತ್ತಿದ್ದರು, ಮಿನಾರ ಆಮೇಲೆ. ಇಲ್ಲಿ ಮಿನಾರ ಮೊದಲು ಎದ್ದಿತು.

ಇನ್ನು ನಾಯಕತ್ವದ ವಿಷಯ. ಕುಲಪತಿಯನ್ನು ನೇಮಿಸುವುದು ಹೇಗೆ ಎಂದು ನಮ್ಮಲ್ಲಿ ನೂರರಲ್ಲಿ ಐದು ಮಂದಿಗೂ ಗೊತ್ತಿರಲಿಕ್ಕಿಲ್ಲ. ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಕಾಯ್ದೆ, 2000ದ ಪ್ರಕಾರ ಒಂದು ಶೋಧನಾ ಸಮಿತಿ ಇರುತ್ತದೆ. ಅದರಲ್ಲಿ ರಾಜ್ಯಪಾಲರು, ಸರಕಾರ, ಯುಜಿಸಿ, ಸಿಂಡಿಕೇಟ್ ಈ ನಾಲ್ಕೂ ಕಡೆಯ ಪ್ರತಿನಿಧಿಗಳು. ಅವರು ಮೂರು ಹೆಸರು ಕೊಡುತ್ತಾರೆ. ಕುಲಾಧಿಪತಿಗಳಾದ ರಾಜ್ಯಪಾಲರು ಸರಕಾರದ ಸಹಮತದೊಂದಿಗೆ ಒಬ್ಬರನ್ನು ಆರಿಸುತ್ತಾರೆ. ಅವಧಿ ನಾಲ್ಕು ವರ್ಷ. ಕಾಗದದಲ್ಲಿ ಎಲ್ಲ ಚೆನ್ನಾಗಿದೆ. ಆದರೆ ಒಬ್ಬರ ಅವಧಿ ಯಾವ ದಿನ ಮುಗಿಯುತ್ತದೆ ಎಂದು ನಾಲ್ಕು ವರ್ಷ ಮೊದಲೇ ಗೊತ್ತಿದ್ದೂ, ಆ ದಿನ ಬರುವಾಗ ಮುಂದಿನವರು ತಯಾರಿರುವುದಿಲ್ಲ.

ಲೆಕ್ಕ ನೋಡಿ. ಪ್ರೊ. ಕೆ. ಭೈರಪ್ಪನವರ ಅವಧಿ 2018ರ ಜೂನ್‌ನಲ್ಲಿ ಮುಗಿಯಿತು. ಪ್ರೊ. ಪಿ. ಸುಬ್ರಹ್ಮಣ್ಯ ಯಡಪಡಿತ್ತಾಯರು ಬಂದದ್ದು 2019ರ ಜೂನ್‌ನಲ್ಲಿ. ನಡುವೆ ಸುಮಾರು ಒಂದು ವರ್ಷ ಪ್ರಭಾರ ಕುಲಪತಿಗಳು. ಅವರ ಅವಧಿ 2023ರ ಜೂನ್‌ನಲ್ಲಿ ಮುಗಿದರೆ ಪ್ರೊ. ಪಿ.ಎಲ್. ಧರ್ಮ ಬಂದದ್ದು 2024ರ ಮಾರ್ಚ್‌ನಲ್ಲಿ. ನಡುವೆ ಮತ್ತೆ ಒಂಬತ್ತು ತಿಂಗಳು ಪ್ರಭಾರ. ಆರು ವರ್ಷದೊಳಗೆ ಹೆಚ್ಚುಕಡಿಮೆ 21 ತಿಂಗಳು ಪೂರ್ಣಾವಧಿ ಕುಲಪತಿ ಇರಲಿಲ್ಲ. 2018ರಲ್ಲಿ ಬಿಕಾಂಗೆ ಸೇರಿದ ಹುಡುಗಿಯ ಮೂರು ವರ್ಷದ ಡಿಗ್ರಿಯಲ್ಲಿ ಒಂದು ವರ್ಷ ಹೀಗೆಯೇ ಹೋಯಿತು.

ಪ್ರಭಾರ ಎಂದರೆ ಎಂತ ಎಂದು ನಮ್ಮ ಜಮಾಅತ್‌ಗಳಿಗೆ ಬೇರೆ ಹೇಳಿಕೊಡಬೇಕಾಗಿಲ್ಲ. ಅಧ್ಯಕ್ಷರು ರಾಜೀನಾಮೆ ಕೊಟ್ಟು ಮಹಾಸಭೆ ಮುಂದೂಡಿದ ಜಮಾಅತ್ ನೀವು ನೋಡಿಲ್ಲವೇ? ದಿನದ ಕೆಲಸ ನಡೆಯುತ್ತದೆ. ಬಾಂಗ್ ಆಗುತ್ತದೆ, ಉಸ್ತಾದರ ಸಂಬಳವೂ ತಡವಾಗಿಯಾದರೂ ಬರುತ್ತದೆ. ಆದರೆ ಸೋರುವ ಮಾಡು ರಿಪೇರಿಗೆ ಸಹಿ ಹಾಕುವವರಿಲ್ಲ. "ಹೊಸ ಕಮಿಟಿ ಬರಲಿ" ಎಂಬ ಒಂದೇ ಉತ್ತರ. ವಿವಿಯಲ್ಲೂ ಹಾಗೆಯೇ. ಹಿರಿಯ ಡೀನ್ ಒಬ್ಬರು ಪ್ರಭಾರ ವಹಿಸಿಕೊಳ್ಳುತ್ತಾರೆ. ಒಳ್ಳೆಯವರೇ ಇರಬಹುದು, ಸಾಮರ್ಥ್ಯವೂ ಇರಬಹುದು. ಆದರೆ ನಾಳೆ ಹೊಸಬರು ಬರುತ್ತಾರೆ ಎಂದು ಗೊತ್ತಿರುವವರು ದೊಡ್ಡ ತೀರ್ಮಾನಕ್ಕೆ ಕೈ ಹಾಕುವುದು ಹೇಗೆ? ಹೊಸ ಕೋರ್ಸು, ಖಾಲಿ ಹುದ್ದೆ, ಹಾಸ್ಟೆಲ್ ವಿಸ್ತರಣೆ ಎಲ್ಲ ಫೈಲಿನಲ್ಲೇ ಕೂತಿರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಕೆಟ್ಟ ಕುಲಪತಿಗಿಂತ ದೊಡ್ಡ ನಷ್ಟ ಕುಲಪತಿ ಇಲ್ಲದ ವರ್ಷದ್ದು. ಕೆಟ್ಟವರಾದರೆ ಎದುರು ನಿಂತು ಕೇಳಬಹುದು. ಇಲ್ಲದವರನ್ನು ಕೇಳುವುದು ಹೇಗೆ?

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ವಿದ್ಯಾರ್ಥಿಯ ಬದುಕಿಗೆ ಹತ್ತಿರ ಇರುವುದು ಕುಲಪತಿಗಿಂತ ಕುಲಸಚಿವರು. ಅವರು ಇಬ್ಬರು. ಆಡಳಿತ ನೋಡುವ ಕುಲಸಚಿವರು ಒಬ್ಬರು, ಪರೀಕ್ಷೆ ಮತ್ತು ಮೌಲ್ಯಮಾಪನ ನೋಡುವವರು ಇನ್ನೊಬ್ಬರು. ಜೊತೆಗೆ ಹಣಕಾಸು ಅಧಿಕಾರಿ. ಇವರನ್ನು ನೇಮಿಸುವುದು ಸರಕಾರ. ಪ್ರವೇಶದ ಅನುಮೋದನೆ, ಪರೀಕ್ಷೆ, ಫಲಿತಾಂಶ, ಅಂಕಪಟ್ಟಿ, ಮರುಮೌಲ್ಯಮಾಪನ, ಪದವಿ ಪ್ರಮಾಣಪತ್ರ ಎಲ್ಲ ಇವರ ಕಚೇರಿಗಳಲ್ಲಿ. ಕುಲಪತಿ ಬದಲಾದರೆ ಪತ್ರಿಕೆಯಲ್ಲಿ ದೊಡ್ಡ ಫೋಟೊ. ಪರೀಕ್ಷಾಂಗ ಕುಲಸಚಿವರು ಬದಲಾದರೆ ಒಳಪುಟದಲ್ಲಿ ಎರಡು ಸಾಲು. ನಮ್ಮ ಮಗಳ ಫಲಿತಾಂಶ ತಡವಾಗುವುದು, ಬೇಗ ಬರುವುದು ಆ ಎರಡು ಸಾಲಿನ ಮೇಲೆ ನಿಂತಿದೆ. ಈಗಿನ ಕುಲಪತಿಯವರು ಇದೇ ವಿವಿಯಲ್ಲಿ ರಾಜ್ಯಶಾಸ್ತ್ರ ಪ್ರಾಧ್ಯಾಪಕರಾಗಿ, ಪರೀಕ್ಷಾಂಗ ಕುಲಸಚಿವರಾಗಿ ಕೆಲಸ ಮಾಡಿ ಬಂದವರು. ನೇಮಕದ ಸುದ್ದಿಯಲ್ಲಿ ನಮ್ಮವರು ಗಮನಿಸಬೇಕಾಗಿದ್ದದ್ದು ಇದನ್ನು. ಗಮನಿಸಿದವರು ಎಷ್ಟು ಮಂದಿ?

ಕಳೆದ ಕೆಲವು ವರ್ಷಗಳಲ್ಲಿ ಪರೀಕ್ಷಾ ವಿಭಾಗದ ಮೇಲೆ ಬಿದ್ದ ಭಾರ ಸಣ್ಣದಲ್ಲ. 2021-22ರಲ್ಲಿ ದೇಶದಲ್ಲೇ ಮೊದಲು ಎಂದು ಹೇಳಿಕೊಂಡು ನಮ್ಮ ರಾಜ್ಯ ಹೊಸ ಶಿಕ್ಷಣ ನೀತಿಯನ್ನು ಡಿಗ್ರಿ ತರಗತಿಗಳಿಗೆ ತಂದಿತು. ವಿಷಯಗಳ ಜೋಡಣೆ ಬದಲಾಯಿತು, ನಾಲ್ಕು ವರ್ಷದ ಆನರ್ಸ್ ಬಂತು. ಅದೇ ಹೊತ್ತಿಗೆ ರಾಜ್ಯದ ಎಲ್ಲ ವಿವಿಗಳ ಪ್ರವೇಶ, ಪರೀಕ್ಷೆಗಳನ್ನು ಯುಯುಸಿಎಂಎಸ್ ಎಂಬ ಒಂದೇ ಆನ್‌ಲೈನ್ ವ್ಯವಸ್ಥೆಗೆ ಸೇರಿಸಿದರು. ಉದ್ದೇಶ ಒಳ್ಳೆಯದಿರಬಹುದು. ಹಳೆಯ ಮನೆ ಕೆಡವದೆ ಹೊಸ ಮನೆ ಕಟ್ಟಿ ಎರಡರಲ್ಲೂ ಒಟ್ಟಿಗೆ ಸಂಸಾರ ಮಾಡಿದ ಹಾಗೆ ಆಯಿತು. ರಾಜ್ಯದ ಹಲವು ಕಡೆ ಫಲಿತಾಂಶ ತಡವಾಯಿತು, ಅಂಕ ಕಾಣದೆ ಮಕ್ಕಳು ಕಂಗಾಲಾದರು. ಅದು ಒಂದು ದಾರಿಗೆ ಬರುವಷ್ಟರಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಒಂದೇ ಮನೆಯ ಅಕ್ಕ, ತಂಗಿ ಒಂದೇ ಕಾಲೇಜಿನಲ್ಲಿ ಎರಡು ಬೇರೆ ಪದ್ಧತಿಯಲ್ಲಿ ಬಿಎ ಓದುವ ಸ್ಥಿತಿ.

ಫಲಿತಾಂಶ ತಡವಾದರೆ ಬೇರೆಯವರಿಗೆ ಬೇಜಾರು ಮಾತ್ರ. ನಮ್ಮ ಮನೆಗಳಲ್ಲಿ ಅದು ಬೇರೆ ದಾರಿ ಹಿಡಿಯುತ್ತದೆ. ಡಿಗ್ರಿ ಮುಗಿಸಿದ ಹುಡುಗಿ ಮನೆಯಲ್ಲಿ ಕೂತು ನಾಲ್ಕು ತಿಂಗಳಾದರೆ ಐದನೇ ತಿಂಗಳು ನೆಂಟರು ಬರುತ್ತಾರೆ. "ಇನ್ನೂ ಓದಬೇಕಾ? ರಿಸಲ್ಟೇ ಬಂದಿಲ್ಲವಲ್ಲ." ಬಿಎಡ್‌ಗೆ, ಎಂಕಾಂಗೆ ಸೇರಬೇಕೆಂದಿದ್ದ ಹುಡುಗಿಯ ಓದು ಅಲ್ಲಿಗೆ ನಿಲ್ಲುತ್ತದೆ. ಮದುವೆ ಬೇಡ ಎಂದು ನಾವು ಹೇಳುತ್ತಿಲ್ಲ. ಒಂದು ಅಂಕಪಟ್ಟಿಯ ವಿಳಂಬ ಅವಳ ಪರವಾಗಿ ತೀರ್ಮಾನ ಮಾಡಬಾರದು ಎನ್ನುತ್ತಿದ್ದೇವೆ. ಸ್ಕಾಲರ್‌ಶಿಪ್ ಅರ್ಜಿಗೂ ಹಿಂದಿನ ಅಂಕ ಬೇಕು. ಸಂಶೋಧನೆಗೆ ಹೋಗುವ ನಮ್ಮ ಮಕ್ಕಳಿಗೆ ಆಸರೆಯಾಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ 2022ರಲ್ಲಿ ನಿಲ್ಲಿಸಿತು. ಇರುವ ಬಾಗಿಲುಗಳೇ ಕಡಿಮೆಯಾಗಿರುವಾಗ, ತೆರೆದಿರುವ ಬಾಗಿಲಿಗೆ ಸಮಯಕ್ಕೆ ತಲುಪಲು ಆಗದಿದ್ದರೆ ಹೇಗೆ?

ಇಲ್ಲಿ ನಮ್ಮ ಮನೆಗಳದ್ದೂ ಒಂದು ಪಾಲು ಉಂಟು. ಹೆಸರಿನ ಗೊಂದಲ! ಶಾಲೆಯ ಟಿಸಿಯಲ್ಲಿ ಬೀಫಾತಿಮ, ಆಧಾರಿನಲ್ಲಿ ಬಿ. ಫಾತಿಮಾ, ಎಸೆಸೆಲ್ಸಿಯಲ್ಲಿ ಫಾತಿಮತ್ ಏನೋ, ಪಾಸ್‌ಪೋರ್ಟಿನಲ್ಲಿ ಬಾಪನ ಹೆಸರು ಹಿಂದೆ, ಮನೆತನದ ಹೆಸರು ಮುಂದೆ. ತಂದೆ ಒಂದು ಕಡೆ ಅಬ್ದುಲ್ ರಹಿಮಾನ್, ಇನ್ನೊಂದು ಕಡೆ ಅದ್ರಾಮ. ಹಿಂದೆ ಗುಮಾಸ್ತರು ಕೈಯಲ್ಲಿ ಬರೆಯುವಾಗ ನಡೆಯುತ್ತಿತ್ತು. ಕಂಪ್ಯೂಟರಿಗೆ ಕರುಣೆ ಇಲ್ಲ, ಒಂದು ಅಕ್ಷರ ತಪ್ಪಿದರೂ ಬೇರೆ ಮನುಷ್ಯ ಎನ್ನುತ್ತದೆ. ಗಲ್ಫಿಗೆ ಹೋಗುವಾಗ ಡಿಗ್ರಿ ಅಟೆಸ್ಟೇಶನ್ ಮಾಡಿಸಲು ಹೋಗಿ ತಿಂಗಳುಗಟ್ಟಲೆ ಅಲೆದವರು ನಮ್ಮ ಪ್ರತಿ ಮೊಹಲ್ಲಾದಲ್ಲಿ ಇದ್ದಾರೆ. ಇದನ್ನು ವಿವಿ ಸರಿಮಾಡುವುದಲ್ಲ. ಮಗುವನ್ನು ಒಂದನೇ ತರಗತಿಗೆ ಸೇರಿಸುವ ದಿನ ಉಮ್ಮ, ಬಾಪ ಕೂತು ನೋಡಬೇಕಾದದ್ದು. ಮದ್ರಸದ ದಾಖಲೆಯಲ್ಲಿ ಹೆಸರು ಬರೆಯುವಾಗ ನಾವು ಈಗ ಜನನ ಪ್ರಮಾಣಪತ್ರ ತನ್ನಿ ಎನ್ನುತ್ತೇವೆ. ಕೆಲವರಿಗೆ ಸಿಟ್ಟು ಬರುತ್ತದೆ, "ಮದ್ರಸಕ್ಕೂ ಅದು ಬೇಕಾ ಉಸ್ತಾದ್" ಅಂತ. ಬೇಕು.

ಇನ್ನು ಸಿಂಡಿಕೇಟ್. 2022ರಲ್ಲಿ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಿ ಹಿಜಾಬ್ ವಿವಾದ ಎದ್ದಾಗ ನಮ್ಮಲ್ಲಿ ಎಷ್ಟೋ ಮನೆಗಳು ಈ ಪದವನ್ನು ಮೊದಲ ಸಲ ಕೇಳಿದವು. ಅದು ವಿವಿಯದ್ದೇ ಘಟಕ ಕಾಲೇಜು. ಹೈಕೋರ್ಟಿನ ತೀರ್ಪು ಬಂದ ಮೇಲೆ ಅಲ್ಲಿ ನಿಯಮ ಹೇಗಿರಬೇಕು ಎಂಬ ಮಾತು ಸಿಂಡಿಕೇಟ್‌ವರೆಗೂ ಹೋಯಿತು. ಪರೀಕ್ಷೆ ಹತ್ತಿರವಿದ್ದ ಹುಡುಗಿಯರು ಕಾಲೇಜಿನ ಹೊರಗೆ ನಿಂತಿದ್ದರು. ಆಗ ನಮ್ಮವರು ಓಡಾಡಿದ್ದು ಎಲ್ಲಿಗೆ? ರಾಜಕೀಯ ನಾಯಕರ ಮನೆಗೆ, ಟಿವಿ ಕ್ಯಾಮರಾದ ಎದುರಿಗೆ. ವಿವಿಯ ತೀರ್ಮಾನ ಎಲ್ಲಿ ಆಗುತ್ತದೆ, ಆ ಮೇಜಿನ ಸುತ್ತ ಯಾರು ಕೂರುತ್ತಾರೆ ಎಂದು ತಿಳಿದುಕೊಳ್ಳುವಷ್ಟರಲ್ಲಿ ತೀರ್ಮಾನ ಆಗಿಯೇ ಹೋಗಿತ್ತು. ಆ ತೀರ್ಮಾನದ ಸರಿ ತಪ್ಪನ್ನು ಇಲ್ಲಿ ಮತ್ತೆ ಕೆದಕಲು ಹೊರಟಿಲ್ಲ, ನಮ್ಮ ನೋವು ಎಲ್ಲರಿಗೂ ಗೊತ್ತಿದೆ. ಬಾಗಿಲು ಯಾವುದು ಎಂದೇ ಗೊತ್ತಿಲ್ಲದವರು ತಟ್ಟುವುದು ಎಲ್ಲಿ ಎಂಬುದಷ್ಟೇ ನಮ್ಮ ಪ್ರಶ್ನೆ.

ಸಿಂಡಿಕೇಟಿಗೆ ಸರಕಾರ ನಾಮಕರಣ ಮಾಡುವ ಸದಸ್ಯರಲ್ಲಿ ಅಲ್ಪಸಂಖ್ಯಾತರಿಗೂ ಜಾಗ ಇದೆ. ಸರಕಾರ ಬದಲಾದಾಗ ಈ ಹೆಸರುಗಳೂ ಬದಲಾಗುತ್ತವೆ. ನಮ್ಮವರೊಬ್ಬರ ಹೆಸರು ಬಂದರೆ ಎಂತ ಮಾಡುತ್ತೇವೆ? ಶಾಲು, ಹಾರ, ಫಲಕ, ಬಿರಿಯಾನಿ. ಎರಡು ವಾರ ಸನ್ಮಾನವೋ ಸನ್ಮಾನ. ಆಮೇಲೆ ಅವರ ಅವಧಿ ಮುಗಿಯುವವರೆಗೆ ಒಬ್ಬನಾದರೂ ಹೋಗಿ "ಕಾಕ, ಕಳೆದ ಸಭೆಯಲ್ಲಿ ಹುಡುಗಿಯರ ಹಾಸ್ಟೆಲಿನ ಬಗ್ಗೆ ಮಾತಾಡಿದಿರಾ" ಎಂದು ಕೇಳುವುದುಂಟಾ? ಕೇಳದೆ ಇದ್ದರೆ ಅವರಿಗೆ ಗೊತ್ತಾಗುವುದು ಹೇಗೆ? ಅವರಲ್ಲಿ ಹೆಚ್ಚಿನವರು ಕೆಲಸ ಮಾಡುವ ಮನಸ್ಸಿದ್ದವರೇ. ಅವರ ಕೈಗೆ ಒಂದು ಕಾಗದ ಕೊಡುವವರಿಲ್ಲ. ಸಿಂಡಿಕೇಟಿನ ನಡಾವಳಿ ಗುಟ್ಟಿನ ವಸ್ತುವಲ್ಲ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಎಷ್ಟು ಬೋಧಕ ಹುದ್ದೆ ಖಾಲಿ, ಹುಡುಗಿಯರ ಹಾಸ್ಟೆಲಿನಲ್ಲಿ ಎಷ್ಟು ಜಾಗ, ಫಲಿತಾಂಶ ಯಾವ ದಿನ ಬರಬೇಕಿತ್ತು, ಯಾವ ದಿನ ಬಂತು ಎಂದು ಕೇಳಬಹುದು. ನಮ್ಮ ಯುವಕ ಸಂಘಗಳಲ್ಲಿ ಡಿಗ್ರಿ ಮಾಡಿದವರಿಗೆ ಈಗ ಕೊರತೆ ಇಲ್ಲ. ರಕ್ತದಾನ ಶಿಬಿರ ಅಚ್ಚುಕಟ್ಟಾಗಿ ಮಾಡುವ ಹುಡುಗರಿಗೆ ಒಂದು ಅರ್ಜಿ ಬರೆಯುವುದು ಕಷ್ಟವಲ್ಲ.

ಬ್ಯಾರಿ ಅಧ್ಯಯನ ಪೀಠದ್ದೂ ಇದೇ ಕಥೆ. ಅದು ಮಂಗಳೂರು ವಿವಿಯಲ್ಲಿ ಇದೆ ಎಂಬುದೇ ನಮ್ಮ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡಮಿ ಬಂದಾಗ ಇದ್ದ ಉತ್ಸಾಹ ಪೀಠದ ಕಡೆ ಅಷ್ಟಾಗಿ ತಿರುಗಲಿಲ್ಲ. ಪೀಠ ಎಂದರೆ ಒಂದು ಕೋಣೆ, ಒಂದು ಬೋರ್ಡ್ ಅಲ್ಲ. ಅದಕ್ಕೆ ಅನುದಾನ ಬೇಕು, ಸಂಶೋಧಕರು ಬೇಕು, ಗ್ರಂಥಗಳು ಬೇಕು. ಕುಲಪತಿ ಬದಲಾದಾಗ, ಹಣ ಕಡಿಮೆಯಾದಾಗ ಮೊದಲು ಕೈ ಬೀಳುವುದು ಇಂಥ ಸಣ್ಣ ವಿಭಾಗಗಳ ಮೇಲೆಯೇ. ನಮ್ಮ ಅಜ್ಜಿಯಂದಿರ ಮದುವೆ ಹಾಡು, ಗಾದೆ, ಹಳೆಯ ಬಂದರಿನ ಮಾತುಗಳನ್ನು ದಾಖಲಿಸುವ ಕೆಲಸ ಅಲ್ಲಿ ಆಗಬೇಕು. ಅಜ್ಜಿಯಂದಿರು ಅನುದಾನಕ್ಕಾಗಿ ಕಾಯುವುದಿಲ್ಲ. ಊರಿನ ಒಂದು ಹಾಲ್‌ಗೆ ಲಕ್ಷಗಟ್ಟಲೆ ಸುರಿಯುವ ನಮ್ಮ ದಾನಿಗಳು ಒಬ್ಬ ಸಂಶೋಧನಾ ವಿದ್ಯಾರ್ಥಿನಿಯ ಎರಡು ವರ್ಷದ ಖರ್ಚನ್ನು ಪೀಠದ ಮೂಲಕ ಕೊಟ್ಟರೆ ಪೀಠವೂ ಉಳಿಯುತ್ತದೆ, ಒಬ್ಬಳು ಹುಡುಗಿಯೂ ಓದುತ್ತಾಳೆ. ಈ ಮಾತು ಹೇಳಿದ್ದಕ್ಕೆ ಹಾಲ್ ಕಟ್ಟಿಸಿದವರು ನಮ್ಮ ಮೇಲೆ ಮುನಿಸಿಕೊಳ್ಳಬಾರದು.

ಕೊನೆಗೆ ಒಂದು ದಿನಾಂಕ ಹೇಳಿ ಮುಗಿಸುತ್ತೇವೆ. ಕಾಯ್ದೆಯ ನಾಲ್ಕು ವರ್ಷದ ಲೆಕ್ಕದಲ್ಲಿ ಈಗಿನ ಕುಲಪತಿಯವರ ಅವಧಿ ಮುಗಿಯುವುದು 2028ರ ಮಾರ್ಚ್ ಸುಮಾರಿಗೆ. ಮತ್ತೆ ಒಂಬತ್ತು ತಿಂಗಳು ಪ್ರಭಾರ ಆಗಬಾರದು ಎಂದಿದ್ದರೆ ಶೋಧನಾ ಸಮಿತಿ 2027ರಲ್ಲೇ ರಚನೆಯಾಗಬೇಕು, ಸಿಂಡಿಕೇಟ್ ತನ್ನ ಪ್ರತಿನಿಧಿಯ ಹೆಸರನ್ನು ಅದಕ್ಕೂ ಮೊದಲು ಕಳಿಸಬೇಕು. ಅದನ್ನು ಕೇಳಿ ಉನ್ನತ ಶಿಕ್ಷಣ ಇಲಾಖೆಗೆ, ರಾಜ್ಯಪಾಲರ ಕಚೇರಿಗೆ ಮನವಿ ಬರೆಯಲು ಯಾವ ಜಮಾಅತ್‌ಗೂ ಯಾರ ಅಪ್ಪಣೆಯೂ ಬೇಡ. ಮನವಿಯಲ್ಲಿ ನಮ್ಮವರನ್ನು ಕುಲಪತಿ ಮಾಡಿ ಎಂದು ಬರೆಯುವುದು ಬೇಡ. ಅವಧಿ ಮುಗಿಯುವ ದಿನ ಹೊಸಬರು ಕುರ್ಚಿಯಲ್ಲಿ ಇರಲಿ ಎಂದಷ್ಟೇ ಬರೆದರೆ ಸಾಕು. ಲೆಟರ್‌ಹೆಡ್ ಎಲ್ಲ ಜಮಾಅತ್‌ಗಳಲ್ಲೂ ಉಂಟು, ಇಫ್ತಾರ್ ಕೂಟದ ಆಮಂತ್ರಣಕ್ಕೆ ಬಳಸಿ ಉಳಿದದ್ದು.